ಬಳ್ಳಾರಿ ಮಾದರಿಯ ಉಳಿದರ್ಧ ಕೆಲಸ

ಜೂನ್ 26 ಹತ್ತಿರ ಬಂತೆಂದರೆ ಬಳ್ಳಾರಿಯಲ್ಲಿ ಶಾಲಾಮಕ್ಕಳ ಕೈಗೆ ಫಲಕಗಳು ಬರುತ್ತವೆ. ಮಾದಕ ವಸ್ತು ವಿರೋಧಿ ದಿನವಲ್ಲವೇ! ಫಲಕದ ಮೇಲೊಂದು ತಲೆಬುರುಡೆ, ಅದರ ಕೆಳಗೆ ಎರಡು ಅಡ್ಡ ಮೂಳೆ, ಜೊತೆಗೆ ‘ಮನಸ್ಸು ಮಾಡಿದರೆ ಚಟ ಬಿಡಬಹುದು’ ಎಂಬ ಘೋಷಣೆ. ವೃತ್ತದಲ್ಲಿ ಭಾಷಣ, ಪ್ರತಿಜ್ಞೆ, ಫೋಟೊ. ಮೇ 31ರ ತಂಬಾಕು ವಿರೋಧಿ ದಿನಕ್ಕೂ ಇದೇ ಸಂಭ್ರಮ. ಮೆರವಣಿಗೆಯ ಬಗ್ಗೆ ನನ್ನ ತಕರಾರಿಲ್ಲ. ಘೋಷಣೆಯ ಬಗ್ಗೆ ಇದೆ. ‘ಮನಸ್ಸು ಮಾಡಿದರೆ’ ಎಂದಾಕ್ಷಣ, ಬಿಡಲಾಗದವನಿಗೆ ಮನಸ್ಸೇ ಇಲ್ಲ ಎಂದು ಹೇಳಿದಂತಾಯಿತು. ಹಾಗೆ ಅನಿಸಿಕೊಂಡವನು ದವಾಖಾನೆಯ ಮೆಟ್ಟಿಲು ಯಾಕೆ ಹತ್ತುತ್ತಾನೆ?

ಸಿರುಗುಪ್ಪ ಮತ್ತು ಕುರುಗೋಡು ಕಡೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧಿ ಕೊಡುವ ಕಿಟಕಿಯ ಹಿಂದೆ ನಿಂತು ಸೇವೆ ಮುಗಿಸಿದವನು ನಾನು. ಫಾರ್ಮಾಸಿಸ್ಟ್ ಎಂಬುದು ಇಲಾಖೆಯ ಹೆಸರು. ಹಳ್ಳಿಯವರಿಗೆ ನಾನು ‘ಗುಳಿಗಿ ಸಾಹೇಬ’. ಆ ಕಿಟಕಿಯಿಂದ ಕಂಡದ್ದು, ಅದನ್ನು ಅರ್ಥಮಾಡಿಕೊಳ್ಳಲು ಆಮೇಲೆ ಓದಿದ್ದು, ಎರಡೂ ಸೇರಿ ನನಗೊಂದು ಅಭಿಪ್ರಾಯ ಕೊಟ್ಟಿವೆ. ಉತ್ತೇಜಕ ವಸ್ತು ಒಂದು ಜೀವಿಯನ್ನು ಹೇಗೆ ಕುಣಿಸುತ್ತದೆ ಎಂಬುದು ಆ ವಸ್ತುವೊಂದರಿಂದಲೇ ತೀರ್ಮಾನವಾಗುವುದಿಲ್ಲ. ಮಿದುಳಿನಲ್ಲಿ ಡೋಪಮೈನ್ ಎಂಬ ಸಂದೇಶವಾಹಕವನ್ನು ಹಿಡಿಯುವ ಗ್ರಾಹಕಗಳು ಹೇಗಿವೆ ಎಂಬುದರ ಮೇಲೂ ಅದು ನಿಂತಿದೆ. ಆ ಗ್ರಾಹಕಗಳಾದರೋ ಜೀವಿ ಬದುಕುವ ರೀತಿಗೆ ತಕ್ಕಂತೆ ಬದಲಾಗುತ್ತವೆ. ಇದನ್ನು ಒಪ್ಪಿದರೆ ಚಟಕ್ಕೆ ಮದ್ದು ಸಿಗಬೇಕಾದ ಮೊದಲ ಜಾಗ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರ. ಅದಕ್ಕೆ ಬೇಕಾದ ದಾರಿಯನ್ನು ಇಡೀ ದೇಶಕ್ಕೆ ಮೊದಲು ತೋರಿಸಿದ್ದು ನಮ್ಮ ಜಿಲ್ಲೆಯೇ.

1985ರಲ್ಲಿ ಈ ದೇಶದಲ್ಲಿ ಎರಡು ಕೆಲಸಗಳು ಶುರುವಾದವು. ದೆಹಲಿಯಲ್ಲಿ ಎನ್‌ಡಿಪಿಎಸ್ ಕಾಯ್ದೆ ಹುಟ್ಟಿತು. ಆ ವರ್ಷದ ನವೆಂಬರ್ 14ರಿಂದ ಜಾರಿಗೆ ಬಂತು. ಮಾದಕ ವಸ್ತು ಮಾರುವವನ ಜೊತೆಗೆ ಸೇವಿಸುವವನನ್ನೂ ಅದು ಅಪರಾಧಿಗಳ ಪಟ್ಟಿಗೆ ಸೇರಿಸಿತು. ಅದೇ ವರ್ಷ ಬೆಂಗಳೂರಿನ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯನ್ನು ಆರಿಸಿಕೊಂಡು ಬೇರೆಯದೇ ಒಂದು ಪ್ರಯೋಗಕ್ಕೆ ಕೈಹಾಕಿತು. ಮನೋರೋಗಿಗಳನ್ನು ದೂರದ ದೊಡ್ಡ ಆಸ್ಪತ್ರೆಗೆ ಸಾಗಿಸುವ ಬದಲು ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಚಿಕಿತ್ಸೆ ಕೊಡಲು ಸಾಧ್ಯವೇ ಎಂಬುದು ಅದರ ಪ್ರಶ್ನೆ. ಬೆಂಗಳೂರಿನ ಬಳಿಯ ಸಕಲವಾರದಲ್ಲಿ ಸಣ್ಣ ಪ್ರಮಾಣದಲ್ಲಿ ನೋಡಿದ್ದನ್ನು ಸುಮಾರು 20 ಲಕ್ಷ ಜನರ ಒಂದು ಇಡೀ ಜಿಲ್ಲೆಯಲ್ಲಿ ನೋಡುವ ಧೈರ್ಯ ಅದು. ಐದು ವರ್ಷ ನಡೆಯಿತು. ಎಂಬಿಬಿಎಸ್ ವೈದ್ಯರಿಗೆ, ಮನೆಮನೆಗೆ ತಿರುಗುವ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟರು. ಕೆಲವೇ ಔಷಧಿಗಳ ಪಟ್ಟಿಯೊಂದನ್ನು ಮಾಡಿ, ಅವು ಎಲ್ಲ ಕೇಂದ್ರಗಳಲ್ಲೂ ಸಿಗುವಂತೆ ನೋಡಿಕೊಂಡರು. ಜಿಲ್ಲಾ ಮಟ್ಟದಲ್ಲಿ ತಿಂಗಳಿಗೊಮ್ಮೆ ಲೆಕ್ಕ ಕೇಳಿದರು. ಇದಕ್ಕೆ ‘ಬಳ್ಳಾರಿ ಮಾದರಿ’ ಎಂದು ಹೆಸರಾಯಿತು. 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಕಟ್ಟಿದ್ದು ಇದೇ ಅಡಿಪಾಯದ ಮೇಲೆ. ಇವತ್ತು ಅದು ದೇಶದ ಏಳುನೂರಕ್ಕೂ ಹೆಚ್ಚು ಜಿಲ್ಲೆಗಳಿಗೆ ಹಬ್ಬಿದೆ. ಗಣಿಧೂಳಿಗೆ, ಬಿಸಿಲಿಗೆ ಹೆಸರಾದ ಜಿಲ್ಲೆಗೆ ಇಂಥದೊಂದು ಹೆಸರೂ ಇದೆ ಎಂಬುದು ನಮ್ಮ ಮಕ್ಕಳಿಗೆ ಗೊತ್ತಿಲ್ಲ.

ನಾನು ಆಗ ಕೆಲಸಕ್ಕೆ ಹೊಸಬ. ಕ್ಲೋರ್‌ಪ್ರೊಮಜಿನ್ ಗುಳಿಗೆ, ಫ್ಲೂಫೆನಜಿನ್ ಸೂಜಿಮದ್ದು, ಮೂರ್ಛೆರೋಗಕ್ಕೆ ಫಿನೋಬಾರ್ಬಿಟೋನ್, ಖಿನ್ನತೆಗೆ ಇಮಿಪ್ರಮಿನ್, ಕೈಕಾಲು ಬಿಗಿದರೆ ಟ್ರೈಹೆಕ್ಸಿಫೆನಿಡಿಲ್. ಜ್ವರ, ಭೇದಿ, ಕಜ್ಜಿಯ ಔಷಧಿಗಳ ಪಕ್ಕದಲ್ಲೇ ಇವಕ್ಕೂ ಕಪಾಟಿನಲ್ಲಿ ಜಾಗವಾಯಿತು. ಫ್ಲೂಫೆನಜಿನ್ ಬರುತ್ತಿದ್ದುದು ಎಳ್ಳೆಣ್ಣೆಯಲ್ಲಿ ಕರಗಿಸಿ. ಒಮ್ಮೆ ಚುಚ್ಚಿದರೆ ವಾರಗಟ್ಟಲೆ ನಿಧಾನವಾಗಿ ರಕ್ತಕ್ಕೆ ಇಳಿಯುತ್ತದೆ. ಗಾಳಿ ಸೋಕಿದೆ ಎಂದು ಕುರುಗೋಡಿನ ದೊಡ್ಡ ಬಸವೇಶ್ವರನಿಗೆ ಹರಕೆ ಹೊತ್ತವರು, ತಾಯತ ಕಟ್ಟಿಸಿಕೊಂಡವರು, ಮನೆಯ ಕಂಬಕ್ಕೆ ಕಟ್ಟಿಹಾಕಿಸಿಕೊಂಡವರು ಒಬ್ಬೊಬ್ಬರಾಗಿ ಬರತೊಡಗಿದರು. ‘ತಲಿ ಕೆಟ್ಟೈತ್ರಿ, ಏನಾರ ಕೊಡ್ರಿ’ ಎಂದು ಹೊರಗೆ ನಿಂತು ಪಿಸುಗುಟ್ಟುತ್ತಿದ್ದ ಮನೆಯವರು ಕ್ರಮೇಣ ಸಕ್ಕರೆಕಾಯಿಲೆಯವರ ಸಾಲಿನಲ್ಲೇ ಚೀಟಿ ಹಿಡಿದು ನಿಂತರು. ಆ ಗುಳಿಗೆಗೆ ಅದರದ್ದೇ ಉಪಟಳವೂ ಇತ್ತು. ಕ್ಲೋರ್‌ಪ್ರೊಮಜಿನ್ ನುಂಗುವವರ ಚರ್ಮ ಬಿಸಿಲನ್ನು ತಾಳುವುದಿಲ್ಲ, ಮೈ ಬೆವರಿ ತಣ್ಣಗಾಗುವುದೂ ಕುಂದುತ್ತದೆ. ಏಪ್ರಿಲ್-ಮೇನಲ್ಲಿ ಸಿರುಗುಪ್ಪದ ಗದ್ದೆಬಯಲಿಗೆ ಹೋಗುವವನಿಗೆ ‘ಬಿಸಿಲಿಗೆ ಹೋಗಬೇಡ’ ಎನ್ನುವುದು ಎಂಥ ಸಲಹೆ! ತಲೆಗೆ ವಲ್ಲಿ ಸುತ್ತಿಕೋ, ತುಂಬು ತೋಳಿನ ಅಂಗಿ ತೊಡು, ನೀರು ಕುಡಿಯುತ್ತಿರು ಎಂದು ಹೇಳಿ ಕಳಿಸುವುದೂ ಔಷಧಿಯಷ್ಟೇ ಮುಖ್ಯವಾಗಿತ್ತು.

ಕ್ಲೋರ್‌ಪ್ರೊಮಜಿನ್, ಫ್ಲೂಫೆನಜಿನ್‌ನಂಥ ಔಷಧಿಗಳು ಮಾಡುವುದೇನು? ಡೋಪಮೈನಿನ ಡಿ2 ಎಂಬ ಗ್ರಾಹಕವನ್ನು ಮುಚ್ಚುತ್ತವೆ. ಉತ್ತೇಜಕ ವಸ್ತುಗಳು ಇದರ ಪಕ್ಕಾ ವಿರುದ್ಧ ದಿಕ್ಕಿನಲ್ಲಿ ಕೆಲಸ ಮಾಡುತ್ತವೆ. ಆಂಫೆಟಮಿನ್ ನರಕೋಶದ ತುದಿಯಿಂದ ಡೋಪಮೈನನ್ನು ಹೊರಕ್ಕೆ ಸುರಿಸುತ್ತದೆ. ಹೊರಬಂದ ಡೋಪಮೈನ್ ಒಳಕ್ಕೆ ಮರಳುವ ದಾರಿಯನ್ನು ಕೊಕೇನ್ ಕಟ್ಟುತ್ತದೆ. ತಂಬಾಕಿನ ನಿಕೋಟಿನ್ ಡೋಪಮೈನ್ ತಯಾರಿಸುವ ನರಕೋಶಗಳನ್ನೇ ಬಡಿದೆಬ್ಬಿಸುತ್ತದೆ. ಬಾಗಿಲುಗಳು ಬೇರೆಬೇರೆ, ಕೊನೆಗೆ ಸೇರುವ ಪಡಸಾಲೆ ಒಂದೇ. ಈ ನಂಟು ಮೊದಲು ಕಂಡದ್ದು ಮನುಷ್ಯರಲ್ಲಲ್ಲ, ಪ್ರಾಣಿಗಳ ನಡವಳಿಕೆಯಲ್ಲಿ.

ಕತೆಯ ಆರಂಭಕ್ಕೆ ನಮ್ಮ ನೆಲದ ಗಿಡವೊಂದು ಸಾಕ್ಷಿ, ಸರ್ಪಗಂಧ. ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ 1931ರಲ್ಲೇ ಅದು ಹುಚ್ಚಿಗೂ ರಕ್ತದೊತ್ತಡಕ್ಕೂ ಮದ್ದಾಗುತ್ತದೆ ಎಂದು ಬರೆದಿದ್ದರು. 1952ರಲ್ಲಿ ಅದರ ಬೇರಿನಿಂದ ರಿಸರ್ಪಿನ್ ಎಂಬ ಸಾರವನ್ನು ಬೇರ್ಪಡಿಸಲಾಯಿತು. 1957ರಲ್ಲಿ ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್ ಮೊಲಗಳಿಗೆ ರಿಸರ್ಪಿನ್ ಕೊಟ್ಟರು. ಕಿವಿ ಜೋಲುಬಿಟ್ಟು ಮೊಲಗಳು ಅಲುಗಾಡದೆ ಕುಳಿತುಬಿಟ್ಟವು. ದೇಹದಲ್ಲಿ ಡೋಪಮೈನ್ ಆಗಿ ಮಾರ್ಪಡುವ ಎಲ್-ಡೋಪಾ ಚುಚ್ಚಿದ್ದೇ ತಡ, ಎದ್ದು ಓಡಾಡಿದವು. ಡೋಪಮೈನ್ ಮಿದುಳಿನ ಒಂದು ಸ್ವತಂತ್ರ ಸಂದೇಶವಾಹಕ ಎಂದು ಜಗತ್ತು ನಂಬತೊಡಗಿದ್ದು ಆ ಮೊಲಗಳಿಂದ. ಕಾರ್ಲ್‌ಸನ್‌ಗೆ 2000ದಲ್ಲಿ ನೊಬೆಲ್ ಬಂತು.

ಕ್ಲೋರ್‌ಪ್ರೊಮಜಿನ್ ಕೂಡ ನನ್ನ ಕಪಾಟಿಗೆ ಬಂದದ್ದು ಇಲಿಗಳನ್ನು ದಾಟಿಯೇ. ಫ್ರಾನ್ಸಿನಲ್ಲಿ ಸಿಮೋನ್ ಕೂರ್ವಾಸಿಯೆ ಎಂಬ ವಿಜ್ಞಾನಿ ಗಂಟೆ ಬಾರಿಸಿದೊಡನೆ ಹಗ್ಗ ಹತ್ತುವುದನ್ನು ಇಲಿಗಳಿಗೆ ಕಲಿಸಿದ್ದರು. ಹತ್ತದಿದ್ದರೆ ಕಾಲಿಗೆ ವಿದ್ಯುತ್ತಿನ ಚುರುಕು. ಔಷಧಿ ಕೊಟ್ಟ ಮೇಲೆ ಇಲಿಗಳು ಗಂಟೆಗೆ ಕಿವಿಗೊಡಲಿಲ್ಲ, ಚುರುಕು ತಗುಲಿದಾಗ ಮಾತ್ರ ಹತ್ತಿದವು. ಕಾಲಲ್ಲಿ ಶಕ್ತಿ ಹಾಗೇ ಇತ್ತು, ಮುನ್ಸೂಚನೆಗಿದ್ದ ಒತ್ತಾಯ ಮಾತ್ರ ಹೋಗಿತ್ತು. ಬೆಲ್ಜಿಯಂನ ಪಾಲ್ ಯಾನ್ಸನ್ ಪ್ರಯೋಗಾಲಯದಲ್ಲಿ ಆಂಫೆಟಮಿನ್ ಕೊಟ್ಟ ಇಲಿಯ ಹುಚ್ಚಾಟವನ್ನು ಯಾವ ರಾಸಾಯನಿಕ ನಿಲ್ಲಿಸುತ್ತದೆ ಎಂಬುದೇ ಹೊಸ ಔಷಧಿಗಳಿಗೆ ಒಂದು ಪರೀಕ್ಷೆಯಾಗಿತ್ತು. 1958ರಲ್ಲಿ ಅಲ್ಲಿ ಹುಟ್ಟಿದ ಹ್ಯಾಲೊಪೆರಿಡಾಲ್ ಇವತ್ತೂ ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿದೆ. 1970ರ ದಶಕದ ನಡುವಿನಲ್ಲಿ ಟೊರಾಂಟೊದ ಫಿಲಿಪ್ ಸೀಮನ್, ಬಾಲ್ಟಿಮೋರಿನ ಸಾಲೊಮನ್ ಸ್ನೈಡರ್ ತಂಡಗಳು ಲೆಕ್ಕ ಕೂಡಿಸಿದವು: ಯಾವ ಔಷಧಿ ಡೋಪಮೈನ್ ಗ್ರಾಹಕವನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತದೋ ಅಷ್ಟು ಕಡಿಮೆ ಮಿಲಿಗ್ರಾಂ ರೋಗಿಗೆ ಸಾಕು. 1979ರಲ್ಲಿ ಆ ಗ್ರಾಹಕಗಳನ್ನು ಡಿ1, ಡಿ2 ಎಂದು ಎರಡು ಬಗೆಯಾಗಿ ವಿಂಗಡಿಸಿದರು. ಆಮೇಲೆ ಮೂರು ಸೇರಿ ಈಗ ಐದಿವೆ. ಡಿ5 ಇರುವುದು ಡಿ1ರ ಮನೆತನದಲ್ಲಿ, ಡಿ3 ಮತ್ತು ಡಿ4 ಡಿ2ರ ಮನೆತನದಲ್ಲಿ. ಡಿ1 ಮನೆತನ ಕೋಶದೊಳಗಿನ ಕೆಲಸವನ್ನು ಚುರುಕುಗೊಳಿಸುತ್ತದೆ, ಡಿ2 ಮನೆತನ ತಗ್ಗಿಸುತ್ತದೆ.

ಇವುಗಳಲ್ಲಿ ಒಂದೊಂದನ್ನೇ ತೆಗೆದುಹಾಕಿ ನೋಡುವ ಕಾಲವೂ ಬಂತು. ಡಿ1 ಗ್ರಾಹಕದ ಜೀನನ್ನು ಕಳೆದ ಸುಂಡಿಲಿಗಳನ್ನು 1994ರಲ್ಲಿ ಪರೀಕ್ಷಿಸಿದರು. ಮಾಮೂಲಿ ಸುಂಡಿಲಿ ಕೊಕೇನ್ ಕೊಟ್ಟರೆ ಪಂಜರದ ತುಂಬ ಓಡುತ್ತದೆ. ಈ ಸುಂಡಿಲಿಗಳು ಕೊಕೇನ್ ಸಿಕ್ಕರೂ ಹೆಚ್ಚು ಓಡಲಿಲ್ಲ. ಡಿ1 ಇಲ್ಲದವು ಕೊಕೇನನ್ನು ತಾವಾಗಿ ಬಯಸಿ ತೆಗೆದುಕೊಳ್ಳುವುದೂ ಇಲ್ಲ ಎಂದು ಆಮೇಲಿನ ಪ್ರಯೋಗ ತೋರಿಸಿತು. ಡಿ2 ಇಲ್ಲದವು ಮಾತ್ರ ಪ್ರಮಾಣ ಹೆಚ್ಚಾದಷ್ಟೂ ಇತರ ಸುಂಡಿಲಿಗಳನ್ನು ಮೀರಿಸಿ ತೆಗೆದುಕೊಂಡವು. ಆಕರ್ಷಣೆಗೆ ಡಿ1 ಬೇಕು, ಸಾಕು ಅನ್ನಿಸಲು ಡಿ2 ಬೇಕು ಎಂದು ಇದನ್ನು ಒರಟಾಗಿ ಹೇಳಬಹುದು. ಒಂದೇ ಪುಡಿ, ಒಂದೇ ತೂಕ. ಗ್ರಾಹಕ ಬದಲಾಗುತ್ತಿದ್ದಂತೆ ಪ್ರಾಣಿಯ ನಡೆಯೂ ಬದಲಾಯಿತು.

ಪ್ರಮಾಣ ಮತ್ತು ಜಾಗದ ಮಾತೂ ಇದೆ. ಆಂಫೆಟಮಿನ್ ಸ್ವಲ್ಪ ಕೊಟ್ಟರೆ ಇಲಿ ಅತ್ತಿತ್ತ ಓಡುತ್ತದೆ. ಜಾಸ್ತಿ ಕೊಟ್ಟರೆ ಓಟ ನಿಂತು, ಕುಳಿತಲ್ಲೇ ಮೂಸುವುದು, ನೆಕ್ಕುವುದು, ಕಡಿಯುವುದು, ಮಾಡಿದ್ದನ್ನೇ ಮಾಡುವುದು. ಮೊದಲನೆಯದಕ್ಕೆ ಮಿದುಳಿನಾಳದ ಒಂದು ಭಾಗ, ಎರಡನೆಯದಕ್ಕೆ ಇನ್ನೊಂದು ಭಾಗ ಕಾರಣ. ದಿನ ಬಿಟ್ಟು ದಿನ ಕೊಡುತ್ತಾ ಹೋದರೆ ಇಲಿಯ ಓಟ ತಗ್ಗುವ ಬದಲು ಏರುತ್ತದೆ. ಅಷ್ಟೇ ಅಲ್ಲ, ತನ್ನ ಪಂಜರದಲ್ಲಿ ಕೊಟ್ಟಾಗ ಆಗುವ ಏರಿಕೆಗಿಂತ ಬೇರೆ ಅಪರಿಚಿತ ಜಾಗಕ್ಕೆ ಒಯ್ದು ಕೊಟ್ಟಾಗ ಆಗುವ ಏರಿಕೆ ಹೆಚ್ಚು. ಔಷಧಿ ಎಲ್ಲಿ ಸಿಕ್ಕಿತು ಎಂಬುದನ್ನೂ ಮಿದುಳು ಲೆಕ್ಕಕ್ಕೆ ಹಿಡಿಯುತ್ತದೆ. ವ್ಯಸನಮುಕ್ತಿ ಕೇಂದ್ರದಲ್ಲಿ ಚೆನ್ನಾಗಿಯೇ ಇದ್ದ ಹುಡುಗ ಹಳೆಯ ಅಡ್ಡೆಯ ಮೂಲೆ ತಿರುಗುತ್ತಲೇ ಕೈ ನಡುಗಿಸುವುದು ಯಾಕೆ ಎಂದು ಕೇಳುವವರಿಗೆ ಉತ್ತರದ ಒಂದು ತುಣುಕು ಇಲ್ಲಿದೆ.

ದೀರ್ಘ ಕಾಲದ ಚಟ ಏನು ಮಾಡುತ್ತದೆ ಎಂಬುದನ್ನು ನಮ್ಮ ಕಡೆಯವರಿಗೆ ಕಾಲುವೆಯ ಲೆಕ್ಕದಲ್ಲಿ ಹೇಳುವುದು ಸುಲಭ. ತುಂಗಭದ್ರಾ ಕಾಲುವೆಗೆ ಮಿತಿ ಮೀರಿ ನೀರು ಬಿಟ್ಟರೆ ರೈತ ಗದ್ದೆ ಉಳಿಸಿಕೊಳ್ಳಲು ತನ್ನ ತೂಬನ್ನು ಮುಚ್ಚಿಕೊಳ್ಳುತ್ತಾನೆ. ದಿನವೂ ಪ್ರವಾಹವೇ ಬಂದರೆ ತೂಬು ಮುಚ್ಚಿಯೇ ಇರುತ್ತದೆ. ಆಮೇಲೆ ಮಾಮೂಲಿ ನೀರು ಹರಿದರೂ ಮುಚ್ಚಿದ ತೂಬಿನ ಹಿಂದಿನ ಗದ್ದೆ ಒಣಗುತ್ತದೆ. ಮಿದುಳು ಮಾಡುವುದೂ ಇದನ್ನೇ. ಕೊಕೇನ್, ಮೆಥಾಂಫೆಟಮಿನ್ ಬಳಸುವವರ ಮಿದುಳಿನ ಚಿತ್ರಗಳಲ್ಲಿ ಡಿ2 ಗ್ರಾಹಕಗಳು ಕಡಿಮೆ ಕಾಣುತ್ತವೆ ಎಂದು ಅಮೆರಿಕದ ನೋರಾ ವೋಲ್ಕೋವ್ 1990ರ ದಶಕದಿಂದ ತೋರಿಸುತ್ತಾ ಬಂದಿದ್ದಾರೆ. ಮಗಳ ನಗು, ಹಬ್ಬದ ಹೋಳಿಗೆ, ಬೆಳೆ ಬಂದ ಸಂತೋಷ ಇವೆಲ್ಲ ಮಾಮೂಲಿ ನೀರು. ಚಟಕ್ಕೆ ಬಿದ್ದವನಿಗೆ ಅವು ಸಪ್ಪೆ ಅನ್ನಿಸುವುದು ಕಟುಕತನದಿಂದಲ್ಲ.

ಇಲ್ಲೇ ನಮ್ಮ ರಾಜ್ಯದ ಒಂದು ಪ್ರಯೋಗವನ್ನು ನೆನೆಯಬೇಕು. ಬಳ್ಳಾರಿಗೆ ತಂಡ ಕಳಿಸಿದ ಅದೇ ನಿಮ್ಹಾನ್ಸಿನ ನರಶರೀರಕ್ರಿಯಾ ವಿಭಾಗದಲ್ಲಿ ಟಿ. ದೇಸಿರಾಜು ಮತ್ತು ಬಿ.ಎಸ್. ಶಂಕರನಾರಾಯಣ ರಾವ್ ಮೊದಲಾದವರು ಇಲಿಗಳ ಮಿದುಳಿನ ಡೋಪಮೈನ್ ದಾರಿಗಳಲ್ಲಿ ಸಣ್ಣ ವಿದ್ಯುತ್ ತಂತಿಗಳನ್ನು ಕೂರಿಸಿದ್ದರು. ಕೆನಡಾದ ಓಲ್ಡ್ಸ್ ಮತ್ತು ಮಿಲ್ನರ್ 1954ರಲ್ಲಿ ತೋರಿಸಿದಂತೆ, ಇಲಿ ತಾನೇ ಪೆಡಲು ಒತ್ತಿ ತನಗೆ ಸುಖದ ಮಿಂಚು ಕೊಟ್ಟುಕೊಳ್ಳುತ್ತದೆ. ದಿನಕ್ಕೆ ಒಂದು ಗಂಟೆಯಂತೆ ಹತ್ತು ದಿನ ಹೀಗೆ ಒತ್ತಿದ ಇಲಿಗಳ ಮಿದುಳನ್ನು ಬೆಂಗಳೂರಿನವರು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ನೆನಪಿನ ಕೇಂದ್ರದ ನರಕೋಶಗಳ ಕೊಂಬೆಗಳು ಹೆಚ್ಚು ಕವಲೊಡೆದಿದ್ದವು. ಔಷಧಿಯೇ ಇಲ್ಲ, ಬರೀ ಸುಖದ ಅನುಭವ. ಹತ್ತು ದಿನಕ್ಕೆ ನರಕೋಶದ ಆಕಾರವೇ ಬೇರೆಯಾಗಿತ್ತು. ಮಿದುಳು ಕಲ್ಲಲ್ಲ. ಅನುಭವ ಅದನ್ನು ಕೆಡಿಸಬಲ್ಲುದು ಎಂದರೆ ಸರಿಪಡಿಸಲೂ ಬಲ್ಲುದು ಎಂದೇ ನಾನು ಓದಿಕೊಳ್ಳುತ್ತೇನೆ.

ನನ್ನ ವಾದಕ್ಕೆ ದೊಡ್ಡ ಆಧಾರ 2002ರಲ್ಲಿ ಪ್ರಕಟವಾದ ಮಂಗಗಳ ಅಧ್ಯಯನ. ಅಮೆರಿಕದ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದಲ್ಲಿ ಡ್ರೇಕ್ ಮಾರ್ಗನ್, ಮೈಕೆಲ್ ನೇಡರ್ ಮತ್ತು ಸಂಗಡಿಗರು 20 ಗಂಡು ಮಂಗಗಳನ್ನು ಮೊದಲು ಒಂಟಿಯಾಗಿಟ್ಟು ಅವುಗಳ ಡಿ2 ಗ್ರಾಹಕಗಳನ್ನು ಅಳೆದರು. ಆಮೇಲೆ ನಾಲ್ಕು ನಾಲ್ಕರಂತೆ ಗುಂಪು ಮಾಡಿದರು. ಗುಂಪೆಂದ ಮೇಲೆ ಯಜಮಾನನೊಬ್ಬ, ಅವನ ಕೈಕೆಳಗಿನವರು. ಕೆಲವು ತಿಂಗಳ ನಂತರ ಮತ್ತೆ ಅಳೆದಾಗ ಯಜಮಾನ ಮಂಗಗಳ ಡಿ2 ಲಭ್ಯತೆ ಶೇ 20ಕ್ಕೂ ಹೆಚ್ಚು ಏರಿತ್ತು. ಕೆಳಗಿನವುಗಳಲ್ಲಿ ಬದಲಾವಣೆ ಇರಲಿಲ್ಲ. ಆಮೇಲೆ ಎಲ್ಲಕ್ಕೂ ಕೊಕೇನ್ ಎಟುಕುವಂತೆ ಮಾಡಿದರು. ಕೈಕೆಳಗಿನವು ಸನ್ನೆ ಒತ್ತಿ ಒತ್ತಿ ತೆಗೆದುಕೊಂಡವು. ಯಜಮಾನ ಮಂಗಗಳಿಗೆ ಅದು ಅಷ್ಟಾಗಿ ಹಿಡಿಸಲಿಲ್ಲ. ಹುಟ್ಟಿನಿಂದ ಬಂದ ಗ್ರಾಹಕಗಳಲ್ಲ ಇವು. ಗುಂಪಿನಲ್ಲಿ ಸಿಕ್ಕ ಸ್ಥಾನ ಕೊಟ್ಟವು.

ಇದನ್ನು ನೇರವಾಗಿ ಮನುಷ್ಯರಿಗೆ ಅಂಟಿಸಬಾರದು ಎಂಬ ಎಚ್ಚರ ನನಗಿದೆ. ಕೊಕೇನ್ ಬಹುಕಾಲ ಸಿಗುತ್ತಲೇ ಇದ್ದರೆ ಯಜಮಾನ ಮಂಗದ ಆ ರಕ್ಷಣೆಯೂ ಕರಗುತ್ತದೆ ಎಂದು ಅದೇ ತಂಡ ಆಮೇಲೆ ಕಂಡಿತು. ಹೆಣ್ಣು ಮಂಗಗಳಲ್ಲಂತೂ ಲೆಕ್ಕ ತಿರುಗುಮುರುಗಾಗಿ, ಮೇಲಿನ ಸ್ಥಾನದವೇ ಕೊಕೇನಿಗೆ ಹೆಚ್ಚು ಒಲಿದವು. ಹಾಗಾಗಿ ಬಡವರೆಲ್ಲ ಚಟಗಾರರು, ಸಿರಿವಂತರೆಲ್ಲ ಸುರಕ್ಷಿತರು ಎಂಬ ಅಗ್ಗದ ತೀರ್ಮಾನ ಇದರಿಂದ ಹೊರಡುವುದಿಲ್ಲ. ಹೊರಡುವುದು ಇಷ್ಟು: ಬದುಕಿನ ಸ್ಥಿತಿ ಗ್ರಾಹಕವನ್ನು ಬದಲಿಸುತ್ತದೆ, ಗ್ರಾಹಕ ಉತ್ತೇಜಕದ ಹಿಡಿತವನ್ನು ಬದಲಿಸುತ್ತದೆ. ಮಂಗಕ್ಕೆ ‘ಮನಸ್ಸು ಮಾಡು’ ಎಂದು ಯಾರೂ ಭಾಷಣ ಮಾಡಿರಲಿಲ್ಲ.

ಇದರ ಕನ್ನಡಿ ನನ್ನ ಕಿಟಕಿಯಲ್ಲೇ ಇತ್ತು. ಮನೋರೋಗದ ಗುಳಿಗೆ ಒಯ್ಯುವವರಲ್ಲಿ ಬೀಡಿ ಸೇದುವವರು ಬಹಳ. ಒಂದು ಬೀಡಿಯ ಕೊನೆಯಿಂದ ಇನ್ನೊಂದನ್ನು ಹಚ್ಚುವವರು. ‘ಇಷ್ಟು ಸೇದಿದರೆ ಗುಳಿಗೆ ಯಾಕೆ ಕೊಡಬೇಕು’ ಎಂದು ಆಸ್ಪತ್ರೆಗಳಲ್ಲಿ ಬೈಯುವುದು ವಾಡಿಕೆ. 1995ರಲ್ಲಿ ಅಮೆರಿಕದ ಸಂಶೋಧಕರು ವರದಿ ಮಾಡಿದಂತೆ, ಹ್ಯಾಲೊಪೆರಿಡಾಲ್ ಶುರು ಮಾಡಿದ ಮೇಲೆ ರೋಗಿಗಳ ಧೂಮಪಾನ ಹೆಚ್ಚುತ್ತದೆ. ಕಾರಣ ಊಹಿಸುವುದು ಕಷ್ಟವಲ್ಲ. ನಾವು ಡಿ2 ಗ್ರಾಹಕವನ್ನು ಮುಚ್ಚುತ್ತೇವೆ. ಮಂಕಾದ ಮಿದುಳು ನಿಕೋಟಿನ್ ಹುಡುಕಿಕೊಂಡು ಡೋಪಮೈನ್ ತಳ್ಳಿಸಿಕೊಳ್ಳುತ್ತದೆ. ಇನ್ನೊಂದು ತೊಡಕೂ ಇದೆ. ಬೀಡಿಯ ಹೊಗೆ ಯಕೃತ್ತಿನ ಒಂದು ಕಿಣ್ವವನ್ನು ಕೆರಳಿಸುತ್ತದೆ. ಕ್ಲೋಜಪಿನ್, ಒಲಾಂಜಪಿನ್‌ನಂಥ ಔಷಧಿಗಳು ರಕ್ತದಿಂದ ಬೇಗ ಕರಗಿಹೋಗುತ್ತವೆ. ಇದು ಹೊಗೆಯ ಕೆಲಸ, ನಿಕೋಟಿನಿನದಲ್ಲ. ಕಡ್ಡಿಪುಡಿ ಜಗಿಯುವವನಿಗೆ ಈ ತೊಂದರೆ ಇಲ್ಲ. ಬೀಡಿ ಥಟ್ಟನೆ ಬಿಟ್ಟವನ ರಕ್ತದಲ್ಲಿ ಅದೇ ಔಷಧಿ ಅಪಾಯಕ್ಕೆ ಏರಬಹುದು. ಹಾಗಿದ್ದ ಮೇಲೆ ರೋಗಿ ಏನು ಸೇದುತ್ತಾನೆ, ಏನು ಜಗಿಯುತ್ತಾನೆ ಎಂದು ಕೇಳದೆ ಗುಳಿಗೆ ಎಣಿಸಿಕೊಡುವುದು ಅರ್ಧ ಚಿಕಿತ್ಸೆ. ಬಳ್ಳಾರಿ ಮಾದರಿ ಹುಚ್ಚು, ಮೂರ್ಛೆ, ಖಿನ್ನತೆಗಳನ್ನು ಊರ ದವಾಖಾನೆಗೆ ತಂದಿತು. ಚಟವನ್ನು ತರುವ ಕೆಲಸ ಇನ್ನೂ ಉಳಿದಿದೆ.

ಉಳಿದಿದೆ ಎನ್ನಲು ಊರು ಸುತ್ತಿದರೆ ಸಾಕು. ನಾಟಿ ಕಾಲದಲ್ಲಿ ಸಿರುಗುಪ್ಪದ ಕೆಸರುಗದ್ದೆಯಲ್ಲಿ ಸೊಂಟ ಬಗ್ಗಿಸಿದ ಹೆಂಗಸಿನ ಕೆನ್ನೆಯೊಳಗೆ ಎಲೆ-ಅಡಿಕೆ-ತಂಬಾಕು ಇರುತ್ತದೆ. ‘ಹಸಿವು ಗೊತ್ತಾಗಂಗಿಲ್ರಿ’ ಎನ್ನುತ್ತಾಳೆ. ಅಕ್ಕಿ ಗಿರಣಿಯ ಹಮಾಲ ಮೂಟೆಗೂ ಮೂಟೆಗೂ ನಡುವೆ ಅಂಗೈಯಲ್ಲಿ ಖೈನಿ ತಿಕ್ಕುತ್ತಾನೆ. ಬಳ್ಳಾರಿಯ ಜೀನ್ಸ್ ಹೊಲಿಗೆಯ ಹುಡುಗರಿಗೆ ಕೂಲಿ ತುಂಡಿಗಿಷ್ಟು; ಆರ್ಡರು ಬಂದ ವಾರ ರಾತ್ರಿ ಹಗಲಾಗುತ್ತದೆ, ಚಹಾದ ಲೋಟ ಮತ್ತು ಪಾನ್ ಮಸಾಲದ ಚೀಟಿ ಕಣ್ಣು ಮುಚ್ಚದಂತೆ ಕಾಯುತ್ತವೆ. ಅದಿರಿನ ಲಾರಿಯ ಚಾಲಕನಿಗೆ ಟ್ರಿಪ್ಪಿನ ಲೆಕ್ಕ. ಇವರೆಲ್ಲರ ಕೆಲಸದಲ್ಲೂ ನಿದ್ದೆ, ಹಸಿವು, ದಣಿವುಗಳನ್ನು ಮುಂದೂಡಿದವನಿಗೇ ಕೂಲಿ ಹೆಚ್ಚು. ಉತ್ತೇಜಕ ಮಾಡುವುದೂ ಅದೇ ಮುಂದೂಡುವ ಕೆಲಸ. ಗುಟ್ಕಾವನ್ನು ಕರ್ನಾಟಕ 2013ರಲ್ಲೇ ನಿಷೇಧಿಸಿತು. ಅಂಗಡಿಗಳಲ್ಲಿ ಪಾನ್ ಮಸಾಲ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿಯಾಗಿ ನೇತಾಡುತ್ತವೆ, ಬೆರೆಸುವ ಕೆಲಸ ಗಿರಾಕಿಯದು. 2016-17ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ರಾಜ್ಯದ ನೂರು ವಯಸ್ಕರಲ್ಲಿ ಸುಮಾರು 23 ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಸೇದುವವರಿಗಿಂತ ಜಗಿಯುವವರೇ ಜಾಸ್ತಿ.

‘ಗ್ರಾಹಕದ ಮೇಲೆ ಭಾರ ಹಾಕಿ ಚಟಗಾರನನ್ನು ಬಿಡಿಸುತ್ತಿದ್ದೀರಿ’ ಎಂದು ಗೆಳೆಯರು ಆಕ್ಷೇಪಿಸುತ್ತಾರೆ. ಇಲ್ಲ. ಸಕ್ಕರೆಕಾಯಿಲೆ ಇನ್ಸುಲಿನ್ನಿನ ತೊಂದರೆ ಎಂದು ಗೊತ್ತಾದ ಮೇಲೂ ರೋಗಿ ಪಥ್ಯ ಮಾಡಲೇಬೇಕು. ಆದರೆ ಪಥ್ಯ ಮುರಿದವನನ್ನು ಯಾವ ವೈದ್ಯರೂ ನೀತಿಗೆಟ್ಟವನು ಎನ್ನುವುದಿಲ್ಲ. ಮುಂದಿನ ತಿಂಗಳು ಮತ್ತೆ ಬಾ ಎನ್ನುತ್ತಾರೆ. ಅದೇ ಮಾತು ಚಟಗಾರನಿಗೂ ಸಲ್ಲಬೇಕು. ಮಾರುವವನ ಮೇಲೆ ಪೊಲೀಸರ ಕಣ್ಣು ಇರಲಿ, ಇನ್ನೂ ಗಟ್ಟಿಯಾಗಿಯೇ ಇರಲಿ. ಸೇವಿಸುವವನ ವಿಷಯದಲ್ಲಿ ಎನ್‌ಡಿಪಿಎಸ್ ಕಾಯ್ದೆಯಲ್ಲೇ ಒಂದು ಸಣ್ಣ ಬಾಗಿಲಿದೆ: ತಾನಾಗಿ ಚಿಕಿತ್ಸೆಗೆ ಮುಂದಾಗುವ ವ್ಯಸನಿಗೆ ಸೇವನೆಯ ಮೊಕದ್ದಮೆಯಿಂದ ವಿನಾಯಿತಿ ಕೊಡುವ 64ಎ ಕಲಂ. ಅದನ್ನು ಬರೆದ ಒಂದು ಫಲಕವನ್ನು ಬಳ್ಳಾರಿಯ ಯಾವ ಆಸ್ಪತ್ರೆಯಲ್ಲೂ ನಾನು ಕಂಡಿಲ್ಲ.

‘ಡೋಪಮೈನ್ ಗ್ರಾಹಕವೇ ಮೂಲವಾದರೆ ಅದನ್ನೇ ಮುಚ್ಚುವ ಗುಳಿಗೆ ಕೊಟ್ಟು ಚಟ ಬಿಡಿಸಬಾರದೇ’ ಎಂಬ ಪ್ರಶ್ನೆಯೂ ಬರುತ್ತದೆ. ಕೊಟ್ಟು ನೋಡಿದ್ದಾರೆ. ಕೊಕೇನ್ ಚಟಕ್ಕೆ ಹ್ಯಾಲೊಪೆರಿಡಾಲ್‌ ಜಾತಿಯ ಔಷಧಿಗಳಿಂದ ಪ್ರಯೋಜನವಾಗಲಿಲ್ಲ. ಇರುವ ಸುಖವನ್ನೂ ಕಿತ್ತುಕೊಂಡರೆ ಯಾರು ತಾನೇ ಗುಳಿಗೆ ನುಂಗುತ್ತಾರೆ! ಉತ್ತೇಜಕಗಳ ಚಟದಲ್ಲಿ ಇದುವರೆಗೆ ಹೆಚ್ಚು ಫಲ ಕೊಟ್ಟಿರುವುದು ಒಂದು ಸರಳ ಉಪಾಯ: ಮೂತ್ರ ಪರೀಕ್ಷೆಯಲ್ಲಿ ವಸ್ತು ಕಾಣದ ಪ್ರತಿ ಸಲವೂ ಸಣ್ಣದೊಂದು ಬಹುಮಾನ, ಕೂಪನ್ನೋ ದಿನಸಿಯೋ, ತಪ್ಪದೆ ಅಲ್ಲೇ ಕೈಗೆ. ಒಂದು ಸುಖದ ಎದುರು ಇನ್ನೊಂದು ಸುಖವನ್ನು ನಿಲ್ಲಿಸುವ ಕೆಲಸ ಇದು. ಬೈಗುಳಕ್ಕೆ ಆ ಶಕ್ತಿಯಿಲ್ಲ. ತಂಬಾಕಿಗಾದರೆ ಔಷಧಿಯೂ ಇದೆ. ನಿಕೋಟಿನ್ ಗಮ್, ಪಟ್ಟಿಗಳು 2022ರ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಗೆ ಸೇರಿವೆ.

ನಾನು ಕೇಳುವುದು ದೊಡ್ಡ ಕಟ್ಟಡವನ್ನಲ್ಲ. ಹೊರರೋಗಿ ಪುಸ್ತಕದಲ್ಲಿ ರಕ್ತದೊತ್ತಡದ ಪಕ್ಕ ಇನ್ನೊಂದು ಕಾಲಂ ಇರಲಿ: ಏನು ಸೇದುತ್ತೀರಿ, ಏನು ಜಗಿಯುತ್ತೀರಿ, ನಿದ್ದೆ ಬಾರದಿರಲು ಏನು ತೆಗೆದುಕೊಳ್ಳುತ್ತೀರಿ. ಕೇಳುವ ದನಿಯಲ್ಲಿ ತೀರ್ಪು ಬೇಡ. ನಿಕೋಟಿನ್ ಗಮ್ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದ ಕಪಾಟಿನಲ್ಲಿ ಇರಲಿ. ಮನೋರೋಗದ ಔಷಧಿ ಒಯ್ಯುವವರ ಚೀಟಿಯ ಮೇಲೆ ಬೀಡಿಯ ಲೆಕ್ಕವೂ ಬರಲಿ. 64ಎ ಕಲಮಿನ ಕನ್ನಡ ಫಲಕ ಕಿಟಕಿಯ ಮೇಲೆ ತೂಗಲಿ. ಅಕ್ಕಿ ಗಿರಣಿ, ಲಾರಿ ಅಡ್ಡೆ, ಜೀನ್ಸ್ ಘಟಕಗಳ ಮಾಲೀಕರ ಸಭೆ ಕರೆದು ರಾತ್ರಿ ಪಾಳಿಯ ಮಿತಿ, ಊಟದ ಬಿಡುವು, ಮಲಗುವ ಜಾಗದ ಮಾತನ್ನು ಕಾರ್ಮಿಕ ಇಲಾಖೆ ಎತ್ತಲಿ. ಅದೂ ಚಟದ ಚಿಕಿತ್ಸೆಯೇ. 1985ರ ತಂಡ ನಮಗೆ ಕಲಿಸಿದ ಮುಖ್ಯ ಪಾಠವೊಂದಿದೆ: ತಿಂಗಳಿಗೊಮ್ಮೆ ಲೆಕ್ಕ ಕೇಳದಿದ್ದರೆ ಯಾವ ಕಾರ್ಯಕ್ರಮವೂ ಕಾಗದದಿಂದ ಇಳಿಯುವುದಿಲ್ಲ. ಆ ಲೆಕ್ಕವೂ ಇರಲಿ.

ಇವುಗಳಲ್ಲಿ ಮೊದಲನೆಯದಕ್ಕೆ ಬೆಂಗಳೂರಿನ ಆದೇಶವೂ ಬೇಕಿಲ್ಲ, ಹೊಸ ಅನುದಾನವೂ ಬೇಕಿಲ್ಲ. ಒಂದು ಗೆರೆ ಹೆಚ್ಚಿಗೆ ಎಳೆದರೆ ಕಾಲಂ ಆಯಿತು. ಜಿಲ್ಲಾ ಆರೋಗ್ಯಾಧಿಕಾರಿಗಳು ಈ ತಿಂಗಳೇ ಸಿರುಗುಪ್ಪ ಮತ್ತು ಕುರುಗೋಡು ತಾಲ್ಲೂಕುಗಳಲ್ಲಿ ಶುರು ಮಾಡಲಿ ಎಂಬುದು ನನ್ನ ಮನವಿ. ಓದುಗರಲ್ಲೂ ಒಂದು ಮಾತು. ನಿಮ್ಮ ಮನೆಯಲ್ಲಿ ಚಟಕ್ಕೆ ಬಿದ್ದವರಿದ್ದರೆ ಬೈಯುವ ಮುನ್ನ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್ 10ರಿಂದ ನಡೆಯುತ್ತಿರುವ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ ಅದು. ಕನ್ನಡದಲ್ಲೇ ಮಾತಾಡುತ್ತಾರೆ, ಕರೆಗೆ ಹಣವಿಲ್ಲ.